ನಲವತ್ತಮೂರರಲ್ಲಿ ಒಲಿದ ಪಟ್ಟ

ಪರೀಕ್ಷೆಯ ಫಲಿತಾಂಶಗಳ ಕಾಲ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮ್ಮ ಮನೆಗಳಲ್ಲಿ ಅಂಕಗಳ ಮಾತಲ್ಲದೆ ಬೇರೆ ಮಾತಿರುವುದಿಲ್ಲ. ಹದಿನಾರರ ಹುಡುಗನೊಬ್ಬ ನಿರೀಕ್ಷೆಗಿಂತ ಕಡಿಮೆ ಅಂಕ ತಂದನೆಂದರೆ ಅವನ ಭವಿಷ್ಯ ಅಲ್ಲಿಗೇ ಮುಗಿಯಿತೆಂದು ತೀರ್ಪು ಕೊಡುವವರಿಗೆ ಬರವಿಲ್ಲ. ಇಪ್ಪತ್ತೈದು ದಾಟಿಯೂ ಗಟ್ಟಿಯಾದ ಕೆಲಸ ಹಿಡಿಯದ ಯುವಕನಿಗೆ ಮದುವೆಯ ಚಪ್ಪರದಡಿ ಕುಳಿತುಕೊಳ್ಳುವುದೇ ಒಂದು ಶಿಕ್ಷೆ. ‘ಈಗ ಏನು ಮಾಡ್ತಾ ಇದ್ದೀ?’ ಎಂಬ ಪ್ರಶ್ನೆ ಊಟದ ಎಲೆಗಿಂತ ಮೊದಲು ಅವನ ಮುಂದೆ ಬರುತ್ತದೆ. ಮನುಷ್ಯನ ಬೆಳವಣಿಗೆಗೆ ನಾವೇ ಒಂದು ಗಡುವನ್ನು ಗೊತ್ತುಪಡಿಸಿ, ಆ ಗಡುವಿನೊಳಗೆ ಫಲ ಕೊಡದವನನ್ನು ಬಂಜರು ನೆಲವೆಂದು ಬಗೆಯುತ್ತೇವೆ.

ಅಡಿಕೆ ಸಸಿ ನೆಟ್ಟ ಕೃಷಿಕನು ಮರುವರ್ಷವೇ ಗೊನೆ ಕೇಳುವುದಿಲ್ಲ. ಸಸಿಗೆ ಕೊಡುವ ಆ ಸಹನೆಯನ್ನು ಮಕ್ಕಳಿಗೆ ಕೊಡುವುದಕ್ಕೆ ಮಾತ್ರ ನಮಗೆ ಮನಸ್ಸು ಬರುವುದಿಲ್ಲ. ಈ ವಿಚಾರವನ್ನು ಉಪದೇಶದ ಮಾತುಗಳಲ್ಲಿ ಹೇಳುವುದಕ್ಕಿಂತ ಒಂದು ಬದುಕಿನ ಮೂಲಕ ಹೇಳುವುದು ಲೇಸೆಂದು ನಾವು ಭಾವಿಸುತ್ತೇವೆ. ಆ ಬದುಕು ದೂರದ್ದೇನೂ ಅಲ್ಲ. ಬಂಟ್ವಾಳದಿಂದ ಹೊರಡುವ 275ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು ಪುತ್ತೂರು, ಸುಳ್ಯ, ಸಂಪಾಜೆಗಳನ್ನು ದಾಟಿ ಘಟ್ಟ ಹತ್ತಿದರೆ ಸಿಗುವ ಕೊಡಗಿನದು. ನಮ್ಮ ನೆರೆಯ ಆ ಜಿಲ್ಲೆಯ ಮಾದಾಪುರದ ಕಾಫಿ ತೋಟದಲ್ಲಿ ಬೆಳೆದು, ತನ್ನ 43ನೆಯ ವಯಸ್ಸಿನಲ್ಲಿ ಟೆನಿಸ್ ಡಬಲ್ಸ್‌ನಲ್ಲಿ ವಿಶ್ವದ ಪ್ರಥಮ ಸ್ಥಾನವನ್ನೇರಿದ ರೋಹನ್ ಬೋಪಣ್ಣನವರ ಬದುಕು ಅದು.

ಕಾಫಿ ತೋಟದ ಹುಡುಗ

ರೋಹನ್ ಬೋಪಣ್ಣ 1980ರ ಮಾರ್ಚ್ 4ರಂದು ಬೆಂಗಳೂರಿನಲ್ಲಿ ಜನಿಸಿದರು, ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಕೊಡಗೆಂದರೆ ಹಾಕಿಯ ನೆಲ. 1997ರಿಂದ ಕೊಡವ ಮನೆತನಗಳ ನಡುವೆ ನಡೆದುಬಂದಿರುವ ಹಾಕಿ ಉತ್ಸವವೊಂದೇ ಆ ಆಟದ ಮೇಲೆ ಅಲ್ಲಿನವರಿಗಿರುವ ಮಮತೆಯನ್ನು ಸಾರುತ್ತದೆ. ಬಾಲಕ ರೋಹನ್ ಕೂಡ ಹಾಕಿ, ಫುಟ್ಬಾಲ್ ಆಡಿದವರೇ. ಆದರೆ ಮಗನು ತಂಡದ ಆಟಕ್ಕಿಂತ ತನ್ನ ಸ್ವಂತ ಬಲದಿಂದ ಗೆಲ್ಲಬೇಕಾದ ಆಟವನ್ನು ಕಲಿಯಬೇಕೆಂಬುದು ತಂದೆಯ ಆಸೆಯಾಗಿತ್ತು. ಹೀಗೆ 11ನೆಯ ವಯಸ್ಸಿನಲ್ಲಿ ಹುಡುಗನ ಕೈಗೆ ಟೆನಿಸ್ ರ‍್ಯಾಕೆಟ್ ಬಂತು.

ಟೆನಿಸ್ ಲೋಕದ ಲೆಕ್ಕದಲ್ಲಿ ಇದು ತಡವಾದ ಆರಂಭ. ನಾಲ್ಕೈದು ವರ್ಷಕ್ಕೇ ರ‍್ಯಾಕೆಟ್ ಹಿಡಿದ ಮಕ್ಕಳು ಹನ್ನೊಂದರ ಹೊತ್ತಿಗೆ ಪಂದ್ಯಾವಳಿಗಳನ್ನು ಆಡುತ್ತಿರುತ್ತಾರೆ. ಕೊಡಗಿನಲ್ಲಿ ದೊಡ್ಡ ನಗರಗಳ ಅಂಕಣಗಳಾಗಲಿ, ವ್ಯಾಯಾಮದ ಯಂತ್ರಗಳಾಗಲಿ ಇರಲಿಲ್ಲ. ಸರ್ವ್‌ಗೆ ಬೇಕಾದ ಭುಜಬಲಕ್ಕಾಗಿ ಹುಡುಗ ಸೌದೆ ಒಡೆದನು. ಉಸಿರಿನ ಶಕ್ತಿಗಾಗಿ ಕಾಫಿ ಗಿಡಗಳ ನಡುವಿನ ದಾರಿಗಳಲ್ಲಿ ಓಡಿದನು. ಮುಂದೆ ಜಗತ್ತಿನ ಬಲಿಷ್ಠ ಸರ್ವ್‌ಗಳಲ್ಲೊಂದೆಂದು ಹೆಸರಾದ ಹೊಡೆತದ ಹಿಂದೆ ಮನೆಯ ಒಲೆಗೆ ಸೌದೆ ಒಡೆದ ತೋಳುಗಳಿದ್ದವು. ನಮ್ಮ ಹಳ್ಳಿಯ ಮನೆಗಳಲ್ಲಿ ಮಕ್ಕಳು ಮಾಡುವ ಮೈಕೆಲಸವನ್ನು ಕೀಳೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಆದರೂ ಒಂದು ಸತ್ಯವನ್ನು ಮರೆಮಾಚಬಾರದು. ಟೆನಿಸ್ ದುಬಾರಿ ಆಟ. ಹದಿಹರೆಯದಲ್ಲಿ ಮಗನನ್ನು ತರಬೇತಿಗಾಗಿ ದೂರದ ಪುಣೆಗೆ ಕಳುಹಿಸುವುದು ತೋಟವುಳ್ಳ ಆ ಕುಟುಂಬಕ್ಕೆ ಸಾಧ್ಯವಾಯಿತು. ದಿನಗೂಲಿಯ ಮನೆಗೆ ಅದು ಸಾಧ್ಯವಾಗದು. ಆದುದರಿಂದ ‘ಬೋಪಣ್ಣನಂತೆ ಆಗು’ ಎಂದು ಎಲ್ಲ ಮಕ್ಕಳಿಗೂ ಹೇಳುವುದು ನಮ್ಮ ಉದ್ದೇಶವಲ್ಲ. ಅವರ ಬದುಕಿನಿಂದ ಎಲ್ಲರೂ ಪಡೆಯಬಹುದಾದ ವಸ್ತು ಬೇರೆಯೇ ಇದೆ.

ಒಂಟಿ ಆಟದಿಂದ ಜೋಡಿ ಆಟಕ್ಕೆ

2002ರಲ್ಲಿ ಬೋಪಣ್ಣ ಡೇವಿಸ್ ಕಪ್ ಪಂದ್ಯದಲ್ಲಿ ಮೊದಲ ಬಾರಿಗೆ ಭಾರತವನ್ನು ಪ್ರತಿನಿಧಿಸಿದರು; 2003ರಲ್ಲಿ ವೃತ್ತಿಪರ ಆಟಗಾರರಾದರು. ಹೆಚ್ಚಿನ ತರುಣರಂತೆ ಅವರ ಕಣ್ಣೂ ಸಿಂಗಲ್ಸ್ ಮೇಲೆಯೇ ಇತ್ತು. ಹಣವೂ ಹೆಸರೂ ಇರುವುದು ಅಲ್ಲಿಯೇ. ಆದರೆ ಸಿಂಗಲ್ಸ್‌ನಲ್ಲಿ ಅವರು ತಲುಪಿದ ಅತ್ಯುನ್ನತ ಸ್ಥಾನ 213, ಅದೂ 2007ರಲ್ಲಿ. ಆಗ ಅವರಿಗೆ 27 ವರ್ಷ. ನೂರರೊಳಗೆ ಬಾರದವನಿಗೆ ದೊಡ್ಡ ಪಂದ್ಯಾವಳಿಗಳ ಬಾಗಿಲು ನೇರವಾಗಿ ತೆರೆಯುವುದು ಕಷ್ಟ. ಆ ವರ್ಷ ಯಾರಾದರೂ ಅವರ ಬದುಕಿನ ಅಂಕಪಟ್ಟಿಯನ್ನು ಬರೆದಿದ್ದರೆ ‘ಸಾಧಾರಣ’ ಎಂದು ಬರೆದು ಮುಚ್ಚಿಡುತ್ತಿದ್ದರು.

ಅವರು ಆಟವನ್ನು ಬಿಡಲಿಲ್ಲ, ಆಟದೊಳಗಿನ ದಾರಿಯನ್ನು ಬದಲಿಸಿದರು. ತಮ್ಮ ದೊಡ್ಡ ಸರ್ವ್ ಮತ್ತು ಬಲೆಯ ಬಳಿಯ ಆಟಗಳು ಡಬಲ್ಸ್‌ಗೆ ಹೇಳಿಮಾಡಿಸಿದಂತಿವೆಯೆಂದು ಕಂಡುಕೊಂಡು ಅದಕ್ಕೇ ತಮ್ಮನ್ನು ಅರ್ಪಿಸಿಕೊಂಡರು. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಎರಿಕ್ ಬುಟೊರಾಕ್ ಜೊತೆ ಮೊದಲ ಎಟಿಪಿ ಪ್ರಶಸ್ತಿ ಬಂತು.

ಡಬಲ್ಸ್ ಎಂದರೆ ಸಿಂಗಲ್ಸ್ ಆಟವನ್ನು ಇಬ್ಬರು ಸೇರಿ ಆಡುವುದಷ್ಟೇ ಅಲ್ಲ. ಅಂಕಣದ ಅಗಲ 27 ಅಡಿಯಿಂದ 36 ಅಡಿಗೆ ಹಿಗ್ಗುತ್ತದೆ. ಜೊತೆಗಾರನು ಎಲ್ಲಿ ನಿಂತಿದ್ದಾನೆ, ಮುಂದಿನ ಹೆಜ್ಜೆ ಎತ್ತ ಇಡುತ್ತಾನೆ ಎಂಬುದನ್ನು ತಿರುಗಿ ನೋಡದೆಯೇ ತಿಳಿಯಬೇಕು. ಮೂಡುಬಿದಿರೆಯ ಕಂಬಳದ ಕರೆಯಲ್ಲಿ ಜೋಡಿ ಕೋಣಗಳ ಓಟವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಕೋಣ ಎಷ್ಟೇ ವೇಗದ್ದಾಗಿರಲಿ, ಇನ್ನೊಂದರ ಹೆಜ್ಜೆಗೆ ಅದರ ಹೆಜ್ಜೆ ಹೊಂದದಿದ್ದರೆ ಗೆಲುವಿಲ್ಲ. ತಾನೊಬ್ಬನೇ ಮೆರೆಯುವ ಆಸೆಯನ್ನು ಬಿಟ್ಟವನಿಗೆ ಮಾತ್ರ ಜೋಡಿಯ ಆಟ ಒಲಿಯುತ್ತದೆ.

ಗಡಿಯಾಚೆಯ ಜೊತೆಗಾರ

ಬೋಪಣ್ಣನವರನ್ನು ಜಗತ್ತು ಗುರುತಿಸಿದ್ದು 2010ರಲ್ಲಿ. ಆಗ ಅವರ ಜೊತೆಗಾರರಾಗಿದ್ದವರು ಪಾಕಿಸ್ತಾನದ ಲಾಹೋರಿನ ಐಸಾಮುಲ್ ಹಕ್ ಖುರೇಷಿ. ಯುದ್ಧ ನಿಲ್ಲಲಿ, ಟೆನಿಸ್ ಆರಂಭವಾಗಲಿ ಎಂಬ ಅರ್ಥದ ಬರಹವುಳ್ಳ ಅಂಗಿಗಳನ್ನು ತೊಟ್ಟು ಇಬ್ಬರೂ ಅಂಕಣಕ್ಕಿಳಿದರು. ಆ ವರ್ಷದ ಯು.ಎಸ್. ಓಪನ್‌ನಲ್ಲಿ ಈ ಜೋಡಿ ಫೈನಲ್ ತಲುಪಿತು. ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ನ್ಯೂಯಾರ್ಕಿನ ಆ ಕ್ರೀಡಾಂಗಣದಲ್ಲಿ ಜೊತೆಯಾಗಿ ಕುಳಿತು ಪಂದ್ಯವನ್ನು ನೋಡಿದರು. ಅಮೆರಿಕದ ಬ್ರಯಾನ್ ಸಹೋದರರು 7-6, 7-6ರಿಂದ ಗೆದ್ದರು. ಸೋತ ಜೋಡಿಗೆ ಆ ವರ್ಷ ಮಾನವೀಯ ಸೇವೆಗಾಗಿ ಎಟಿಪಿ ನೀಡುವ ಆರ್ಥರ್ ಆಶ್ ಪುರಸ್ಕಾರ ದೊರೆಯಿತು.

ಅದೇ ವರ್ಷ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧ ನಡೆದ ಡೇವಿಸ್ ಕಪ್ ಹಣಾಹಣಿಯಲ್ಲಿ ಭಾರತ 0-2ರಿಂದ ಹಿಂದೆ ಬಿದ್ದು, ಮತ್ತೆ ಎದ್ದು 3-2ರಿಂದ ಗೆದ್ದಿತು. ನಿರ್ಣಾಯಕವಾದ ಐದನೆಯ ಪಂದ್ಯವನ್ನು ರಿಕಾರ್ಡೊ ಮೆಲ್ಲೊ ವಿರುದ್ಧ ಗೆದ್ದುಕೊಟ್ಟವರು ಬೋಪಣ್ಣ. ಸಿಂಗಲ್ಸ್‌ನಲ್ಲಿ 213ನ್ನು ದಾಟಲಾಗದ ಮನುಷ್ಯ ದೇಶಕ್ಕೆ ಅಗತ್ಯವಿದ್ದ ದಿನ ಸಿಂಗಲ್ಸ್ ಪಂದ್ಯವನ್ನೇ ಗೆದ್ದುಕೊಟ್ಟರು.

ಎಲ್ಲವೂ ಸುಗಮವಾಗಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮುನ್ನ ಯಾರು ಯಾರ ಜೊತೆ ಆಡಬೇಕೆಂಬ ಜಗಳ ದೇಶದ ಟೆನಿಸ್ಸನ್ನೇ ಒಡೆಯಿತು. ಮಹೇಶ್ ಭೂಪತಿ ಮತ್ತು ಬೋಪಣ್ಣ ಇಬ್ಬರೂ ಲಿಯಾಂಡರ್ ಪೇಸ್ ಜೊತೆ ಆಡಲೊಪ್ಪದೆ ತಾವಿಬ್ಬರೂ ಜೊತೆಯಾಗಿ ಹೋದರು, ಎರಡನೆಯ ಸುತ್ತಿನಲ್ಲಿ ಸೋತು ಮರಳಿದರು. ಟೆನಿಸ್ ಸಂಸ್ಥೆ ಇಬ್ಬರ ಮೇಲೂ ನಿಷೇಧ ವಿಧಿಸಿತು. ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಯಾರ ಪಾಲಿಗೂ ಕೀರ್ತಿ ತಾರದ ಪ್ರಕರಣವದು. ಆದರೆ ಎರಡು ವರ್ಷ ಕಳೆದು, 2014ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ಸರ್ಬಿಯಾದ ವಿರುದ್ಧ ಡೇವಿಸ್ ಕಪ್ ನಡೆದಾಗ ಅದೇ ಪೇಸ್ ಮತ್ತು ಅದೇ ಬೋಪಣ್ಣ ಒಂದೇ ಪಕ್ಕದಲ್ಲಿ ನಿಂತಿದ್ದರು. ಮೊದಲ ಎರಡು ಸೆಟ್‌ಗಳನ್ನು ಕಳೆದುಕೊಂಡ ಬಳಿಕ ಮುಂದಿನ ಮೂರನ್ನೂ ಗೆದ್ದು ಪಂದ್ಯವನ್ನು ಉಳಿಸಿದರು. ಮುನಿಸಿಕೊಂಡವರು ಪುನಃ ಹೆಗಲಿಗೆ ಹೆಗಲು ಕೊಡಬಹುದೆಂಬುದಕ್ಕೆ ಪಾಲಿನ ಜಗಳಗಳಲ್ಲಿ ವರ್ಷಗಟ್ಟಲೆ ಮಾತು ಬಿಟ್ಟು ಕುಳಿತ ನಮ್ಮ ಕುಟುಂಬಗಳಿಗೆ ಇದಕ್ಕಿಂತ ಸರಳವಾದ ನಿದರ್ಶನ ಬೇಡ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಮಿಶ್ರ ಡಬಲ್ಸ್ ಆಡಿದ ಬೋಪಣ್ಣ ಕಂಚಿನ ಪದಕದ ಪಂದ್ಯದಲ್ಲಿ ಸೋತು ನಾಲ್ಕನೆಯವರಾದರು. ಒಲಿಂಪಿಕ್ ಪದಕ ಅವರಿಗೆ ಕೊನೆಗೂ ಒಲಿಯಲಿಲ್ಲ. ಮರುವರ್ಷ ಪ್ಯಾರಿಸಿನಲ್ಲಿ, 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ, ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಸೋಲಿನ ಅಂಚಿನಿಂದ ಎದ್ದುಬಂದು ತಮ್ಮ ಮೊದಲ ಗ್ರ್ಯಾಂಡ್ ಸ್ಲಾಂ ಪ್ರಶಸ್ತಿಯನ್ನು ಗೆದ್ದರು. ಆಗ ಅವರಿಗೆ 37 ವರ್ಷ. 2018ರಲ್ಲಿ ದಿವಿಜ್ ಶರಣ್ ಜೊತೆ ಏಷ್ಯನ್ ಕ್ರೀಡಾಕೂಟದ ಚಿನ್ನ ಬಂತು. 2018ನೇ ಸಾಲಿನ ಅರ್ಜುನ ಪ್ರಶಸ್ತಿಯೂ ಸಂದಿತು. ಒಬ್ಬ ಕ್ರೀಡಾಪಟುವಿನ ಬದುಕು ತೃಪ್ತಿಯಿಂದ ಮುಗಿಯಬಹುದಾದ ಜಾಗ ಅದು.

ಕಡಲಿಗೆ ಮುಖ ಮಾಡಿ ಕುಳಿತ ದಿನ

ಮುಂದಿನ ವರ್ಷಗಳು ಕಠಿಣವಾಗಿದ್ದವು. ಎಲುಬಿಗೆ ಎಲುಬು ಉಜ್ಜದಂತೆ ಮೊಣಕಾಲಿನ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ ಬೋಪಣ್ಣನವರಲ್ಲಿ ಸವೆದುಹೋಗಿತ್ತು. ದಿನಕ್ಕೆ ಎರಡು ಮೂರು ನೋವಿನ ಮಾತ್ರೆಗಳಿಲ್ಲದೆ ಆಡುವಂತಿರಲಿಲ್ಲ. 2020ರಲ್ಲಿ ಕೊರೋನಾ ಜಗತ್ತನ್ನು ಮನೆಯೊಳಗೆ ಕೂರಿಸಿದಾಗ ಅವರು ಅಯ್ಯಂಗಾರ್ ಪದ್ಧತಿಯ ಯೋಗಾಭ್ಯಾಸಕ್ಕೆ ತೊಡಗಿದರು. ಹಗ್ಗ, ಪಟ್ಟಿ, ಕುರ್ಚಿಗಳ ಆಸರೆಯಿಂದ ಪ್ರತಿಯೊಂದು ಆಸನದಲ್ಲಿ ದೀರ್ಘಕಾಲ ನಿಲ್ಲುವ ಪದ್ಧತಿಯದು. ಕಾಲಿನ ಸ್ನಾಯುಗಳು ಬಲಗೊಂಡಂತೆ ಮೊಣಕಾಲಿನ ಮೇಲಿನ ಭಾರ ಕಡಿಮೆಯಾಯಿತು, ಮಾತ್ರೆಗಳು ದೂರವಾದವು. ಸವೆದ ಮೃದ್ವಸ್ಥಿ ಮರಳಿ ಬೆಳೆಯಲಿಲ್ಲ. ಇದ್ದುದನ್ನು ಬಳಸಿ ಆಡುವ ಬಗೆಯನ್ನು ದೇಹ ಕಲಿಯಿತು.

ಆದರೂ 2021ರ ಮೊದಲ ಐದು ತಿಂಗಳಲ್ಲಿ ಅವರು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಪೋರ್ಚುಗಲ್‌ನ ಎಸ್ಟೊರಿಲ್ ಎಂಬ ಕಡಲೂರಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಕುಳಿತು, ಮನೆಯಲ್ಲಿ ಪತ್ನಿಯೂ ಪುಟ್ಟ ಮಗಳೂ ಇರುವಾಗ ತಾನು ಇಲ್ಲಿ ಏನು ಮಾಡುತ್ತಿದ್ದೇನೆ, ಗೆಲುವೇ ಇಲ್ಲದ ಈ ಅಲೆದಾಟ ಇನ್ನೇಕೆ ಎಂದು ತಮ್ಮನ್ನೇ ಕೇಳಿಕೊಂಡದ್ದನ್ನು ಅವರು ಆಮೇಲೆ ಬಹಿರಂಗವಾಗಿ ಹೇಳಿದ್ದಾರೆ. ಇಲ್ಲಿಗೆ ಸಾಕು ಮಾಡುತ್ತೇನೆಂದು ಪತ್ನಿ ಸುಪ್ರಿಯಾ ಅವರಿಗೆ ವೀಡಿಯೊ ಸಂದೇಶವನ್ನೂ ಕಳುಹಿಸಿದ್ದರು. ಆದರೆ ನಿಲ್ಲಿಸಲಿಲ್ಲ. ಮುಂದಿನ ಪಂದ್ಯಕ್ಕೆ ಹೋದರು, ಅದರ ಮುಂದಿನದಕ್ಕೂ ಹೋದರು.

ಅರಿಸ್ಟಾಟಲ್ ಎಂಬ ಗ್ರೀಕ್ ತತ್ತ್ವಜ್ಞಾನಿ ವಸ್ತುವೊಂದರಲ್ಲಿ ಅಡಗಿರುವ ಸಾಧ್ಯತೆ ಬೇರೆ, ಅದು ಪಡೆದ ಸಿದ್ಧಿ ಬೇರೆ ಎಂದು ವಿವರಿಸಿದನು. ಬೀಜದೊಳಗಿನ ಮರವು ಕಣ್ಣಿಗೆ ಕಾಣದು; ಹಾಗೆಂದು ಅದು ಇಲ್ಲವೆಂದಲ್ಲ. ಸದ್ಗುಣವೂ ಒಮ್ಮೆಗೇ ಬರುವಂಥದಲ್ಲ, ದಿನದಿನದ ಅಭ್ಯಾಸದಿಂದ ಕೂಡಿಬರುವಂಥದು ಎಂಬುದು ಅವನ ಬೋಧನೆ. ಸಾಧ್ಯತೆಯು ಸಿದ್ಧಿಯಾಗುವ ನಡುವಿನ ಕಾಲವನ್ನು ಹೊರಗಿನಿಂದ ನೋಡುವವರು ಸೋಲೆಂದು ಕರೆಯುತ್ತಾರೆ. ಎಸ್ಟೊರಿಲ್‌ನಲ್ಲಿ ಕುಳಿತಿದ್ದ 41ರ ಆ ಮನುಷ್ಯನು ಅಂಥದೇ ಕಾಲದ ನಟ್ಟನಡುವೆ ಇದ್ದನು.

ತೋಳಿಗೆ ಸವರಿದ ಚೆಂಡು

2023ರ ಆರಂಭದಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಅವರ ಜೊತೆಗಾರರಾದರು. ಆ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಪಂದ್ಯಾವಳಿಯನ್ನು ಈ ಜೋಡಿ ಗೆದ್ದಾಗ ಮಾಸ್ಟರ್ಸ್ ಮಟ್ಟದ ಪ್ರಶಸ್ತಿ ಗೆದ್ದ ಅತ್ಯಂತ ಹಿರಿಯ ಆಟಗಾರನೆಂಬ ದಾಖಲೆ ಬೋಪಣ್ಣನವರದಾಯಿತು. ಸೆಪ್ಟೆಂಬರಿನಲ್ಲಿ, ಖುರೇಷಿಯೊಡನೆ ಸೋತ 13 ವರ್ಷಗಳ ತರುವಾಯ, ಮತ್ತೊಮ್ಮೆ ಯು.ಎಸ್. ಓಪನ್ ಫೈನಲ್ ಅವರ ಮುಂದಿತ್ತು.

ಆ ಪಂದ್ಯದ ನಡುವೆ ಒಂದು ಪಾಯಿಂಟನ್ನು ಅಂಪೈರ್ ಅವರ ಜೋಡಿಗೆ ಕೊಟ್ಟಾಗಿತ್ತು. ಆದರೆ ಬಲೆ ದಾಟುವ ಮುನ್ನ ಚೆಂಡು ತನ್ನ ತೋಳನ್ನು ಸವರಿತೆಂದು ಬೋಪಣ್ಣ ತಾವಾಗಿಯೇ ತಿಳಿಸಿ ಆ ಪಾಯಿಂಟನ್ನು ಬಿಟ್ಟುಕೊಟ್ಟರು. ಚೆಂಡು ಮೈಗೆ ತಾಗಿದರೆ ಪಾಯಿಂಟು ಎದುರಾಳಿಗೆ ಎಂಬುದು ನಿಯಮ. ನೋಡಿದವರಿಲ್ಲ, ದೂರಿದವರಿಲ್ಲ, ಬಲ್ಲವನು ತಾನೊಬ್ಬನೇ. ಕೊನೆಗೆ ರಾಜೀವ್ ರಾಮ್ ಮತ್ತು ಜೋ ಸಾಲಿಸ್ಬರಿ ಜೋಡಿ 2-6, 6-3, 6-4ರಿಂದ ಗೆದ್ದಿತು. ಪುರುಷರ ಡಬಲ್ಸ್‌ನ ಗ್ರ್ಯಾಂಡ್ ಸ್ಲಾಂಗಾಗಿ ಇಡೀ ಬದುಕು ಕಾದಿದ್ದ ಮನುಷ್ಯ, ಇನ್ನೊಂದು ಅವಕಾಶ ಬರುವುದೆಂಬ ಭರವಸೆಯಿಲ್ಲದ ವಯಸ್ಸಿನಲ್ಲಿ, ಸತ್ಯಕ್ಕಾಗಿ ಒಂದು ಪಾಯಿಂಟನ್ನು ಕಳೆದುಕೊಂಡನು. ಅವರ ಎಲ್ಲ ಪ್ರಶಸ್ತಿಗಳಿಗಿಂತ ಈ ಒಂದು ಪಾಯಿಂಟನ್ನು ನಾವು ಮೇಲೆ ಇರಿಸುತ್ತೇವೆ.

ಆ ತಿಂಗಳೇ ಲಖನೌದಲ್ಲಿ ಮೊರೊಕ್ಕೊ ವಿರುದ್ಧ ಆಡಿ ಡೇವಿಸ್ ಕಪ್‌ಗೆ ವಿದಾಯ ಹೇಳಿದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು.

ಮೆಲ್ಬರ್ನ್‌ನ ರಾತ್ರಿ

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್ ನಡೆಯಿತು. ಬೋಪಣ್ಣ ಮತ್ತು ಎಬ್ಡೆನ್ ಜೋಡಿ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಸೊರಿ ಅವರನ್ನು 7-6, 7-5ರಿಂದ ಸೋಲಿಸಿತು. ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ ಎದುರಾಳಿಗಳಿಗೆ ಒಂದು ಪಾಯಿಂಟೂ ದಕ್ಕಲಿಲ್ಲ. ಅಂದು ಬೋಪಣ್ಣನವರ ವಯಸ್ಸು 43 ವರ್ಷ 329 ದಿನ. ವೃತ್ತಿಪರರಿಗೂ ಗ್ರ್ಯಾಂಡ್ ಸ್ಲಾಂ ಬಾಗಿಲು ತೆರೆದ 1968ರಿಂದೀಚೆಗೆ ಇಷ್ಟು ವಯಸ್ಸಾದ ಪುರುಷ ಆಟಗಾರನೊಬ್ಬ ಗ್ರ್ಯಾಂಡ್ ಸ್ಲಾಂ ಪುರುಷರ ಡಬಲ್ಸ್ ಗೆದ್ದದ್ದು ಅದೇ ಮೊದಲು. ಗ್ರ್ಯಾಂಡ್ ಸ್ಲಾಂ ಪುರುಷರ ಡಬಲ್ಸ್‌ನಲ್ಲಿ ಅದು ಅವರ 61ನೆಯ ಪ್ರಯತ್ನವಾಗಿತ್ತು. 60 ಬಾರಿ ಬರಿಗೈಯಲ್ಲಿ ಮರಳಿದವನು 61ನೆಯ ಬಾರಿಗೆ ಹೊರಟದ್ದೇ ನಮ್ಮ ದೃಷ್ಟಿಯಲ್ಲಿ ಗೆಲುವಿಗಿಂತ ದೊಡ್ಡ ಸಂಗತಿ.

ಜನವರಿ 29ರಂದು ಹೊರಬಂದ ಶ್ರೇಯಾಂಕ ಪಟ್ಟಿಯಲ್ಲಿ ಅವರ ಹೆಸರು ಎಲ್ಲರಿಗಿಂತ ಮೇಲಿತ್ತು. ಅದುವರೆಗೆ ಮೊದಲ ಬಾರಿ ಪ್ರಥಮ ಸ್ಥಾನಕ್ಕೇರಿದವರಲ್ಲಿ ಅತ್ಯಂತ ಹಿರಿಯರಾಗಿದ್ದವರು 38ರ ರಾಜೀವ್ ರಾಮ್. ಪೇಸ್, ಭೂಪತಿ, ಸಾನಿಯಾ ಮಿರ್ಜಾ ಅವರ ಬಳಿಕ ಡಬಲ್ಸ್‌ನಲ್ಲಿ ಆ ಪಟ್ಟವನ್ನೇರಿದ ನಾಲ್ಕನೆಯ ಭಾರತೀಯರು ಬೋಪಣ್ಣ. ಅದೇ ತಿಂಗಳು ಭಾರತ ಸರಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಸೋತಾಗ, ದೇಶದ ಪರವಾಗಿ ತಾವಾಡಿದ ಕೊನೆಯ ಪಂದ್ಯ ಅದೆಂದು ಹೇಳಿದರು. 2025ರ ನವೆಂಬರ್ 1ರಂದು, ತಮ್ಮ 45ನೆಯ ವಯಸ್ಸಿನಲ್ಲಿ, ವೃತ್ತಿಪರ ಟೆನಿಸ್ಸಿಗೂ ವಿದಾಯ ಹೇಳಿದರು. ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಅಕಾಡೆಮಿಯಲ್ಲಿ ಮಕ್ಕಳು ರ‍್ಯಾಕೆಟ್ ಹಿಡಿಯುತ್ತಿದ್ದಾರೆ.

ನಮ್ಮ ಮನೆಗಳಿಗೆ

ಈ ಬದುಕಿನಿಂದ ನಾವು ಏನನ್ನು ಕಲಿಯಬಹುದು? ಕಾದರೆ ಎಲ್ಲರಿಗೂ ಕಿರೀಟ ಸಿಗುವುದೆಂದಲ್ಲ. ಕಾದು ಕಾದು ಏನೂ ಸಿಗದವರು ಟೆನಿಸ್ಸಿನಲ್ಲೂ ಅಸಂಖ್ಯ, ನಮ್ಮ ಗ್ರಾಮಗಳಲ್ಲೂ ಅಸಂಖ್ಯ. ಬೋಪಣ್ಣನವರಿಗೂ ಒಲಿಂಪಿಕ್ ಪದಕ ಸಿಗಲಿಲ್ಲ. ಹಠವೊಂದೇ ಗುಣವಾಗಿದ್ದರೆ ಅವರು ಸಿಂಗಲ್ಸ್‌ನಲ್ಲಿಯೇ ಸವೆದುಹೋಗುತ್ತಿದ್ದರು. ತನಗೆ ಒಲಿಯದ ದಾರಿಯನ್ನು ನಾಚಿಕೆಯಿಲ್ಲದೆ ಬಿಟ್ಟು, ಒಲಿದ ದಾರಿಯಲ್ಲಿ ಬೇಸರವಿಲ್ಲದೆ ನಡೆದದ್ದು ಅವರ ವಿವೇಕ. ವಿಜ್ಞಾನ ಒಗ್ಗದ ಮಗನು ಐಟಿಐಗೆ ಸೇರಿದರೆ, ಪದವಿ ಅರ್ಧಕ್ಕೆ ನಿಂತ ಮಗಳು ಹೊಲಿಗೆಯನ್ನೋ ಶುಶ್ರೂಷೆಯನ್ನೋ ಕಲಿಯಹೊರಟರೆ ಅದು ಸೋಲಿನ ಕಥೆಯಲ್ಲ. ಅದು ಅವರ ಡಬಲ್ಸ್ ಆಗಿರಬಹುದು.

ಹಾಗೆಯೇ, ಒಬ್ಬನ ಸಾಧನೆಯೆಂದು ನಾವು ಕರೆಯುವುದು ಒಬ್ಬನದಾಗಿರುವುದಿಲ್ಲ. ವರ್ಷಗಟ್ಟಲೆ ಜೊತೆಗಿದ್ದ ತರಬೇತುದಾರ ಸ್ಕಾಟ್ ಡೇವಿಡಾಫ್, ಸೋತ ಐದು ತಿಂಗಳು ಮನೆಯನ್ನು ಹಿಡಿದು ನಿಂತ ಪತ್ನಿ, ತೋಟದ ಆದಾಯವನ್ನು ಮಗನ ಕನಸಿಗೆ ಸುರಿದ ತಂದೆತಾಯಿ, ಇವರೆಲ್ಲರೂ ಅಂಕಣದ ಹೊರಗೆ ನಿಂತು ಆಡಿದ ಜೊತೆಗಾರರು. ತಡವಾಗಿ ಅರಳುವವನಿಗೆ ಮೊದಲು ಬೇಕಾದದ್ದು ಅವನ ಮೇಲಿನ ನಂಬಿಕೆಯನ್ನು ಹಿಂತೆಗೆದುಕೊಳ್ಳದ ಒಂದು ಮನೆ.

ಮಕ್ಕಳನ್ನು ಒಂಬತ್ತನೆಯ ತರಗತಿಗೆ ಬಂದೊಡನೆ ಮೈದಾನದಿಂದ ಎಳೆದು ಟ್ಯೂಷನ್ನಿಗೆ ತಳ್ಳುವ ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಅವರು ಸಂಜೆಗೊಂದು ತಾಸು ಆಡಲಿ. ಚಾಂಪಿಯನ್ ಆಗುವುದಕ್ಕಲ್ಲ; ಸೋತ ಮರುದಿನ ಮತ್ತೆ ಮೈದಾನಕ್ಕೆ ಹೋಗುವುದನ್ನು ಕಲಿಯುವುದಕ್ಕೆ, ಜೊತೆಗಾರನ ತಪ್ಪನ್ನು ಸಹಿಸುವುದನ್ನು ಕಲಿಯುವುದಕ್ಕೆ, ಯಾರೂ ನೋಡದಿದ್ದರೂ ‘ಚೆಂಡು ನನಗೆ ತಾಗಿತು’ ಎನ್ನುವುದನ್ನು ಕಲಿಯುವುದಕ್ಕೆ. ಈ ಮೂರನ್ನು ಕಲಿತ ಮಗುವಿನ ಅಂಕಪಟ್ಟಿಯಲ್ಲಿ ಏನೇ ಇರಲಿ, ಆ ಮಗುವಿನ ಭವಿಷ್ಯ ಮುಗಿಯಿತೆಂದು ಹೇಳುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.